ನಾಲ್ವರು ವಾಯುಯೋಧರು, ಒಂದು ಪಾರಿವಾಳ: ಮೈಸೂರಿನಲ್ಲಿ ಬರೆಸಿದ ಒಂದು ತೈಲಚಿತ್ರ

ಮೈಸೂರಿನ ಲಕ್ಷ್ಮೀಪುರಂನ ಹಳೆಯ ಮನೆಯೊಂದರ ಮಹಡಿಯಲ್ಲಿ, ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರೂ ಕಾವಾ ಚಿತ್ರಕಲಾ ಕಾಲೇಜಿನಲ್ಲಿ ಓದಿದ ಅವರ ಮಗಳೂ ಸೇರಿ ನಡೆಸುತ್ತಿರುವ ಚಿತ್ರಶಾಲೆಯಲ್ಲಿ ಕಳೆದ ವರ್ಷ ನಾನೊಂದು ತೈಲಚಿತ್ರ ಬರೆಸಿದೆ. ಬೀದಿಯ ಕಡೆಗೆ ಬೋರ್ಡು ಕೂಡ ಇಲ್ಲದ ಈ ಜಾಗಕ್ಕೆ ಕೆಲಸ ಬರುವುದು ಒಬ್ಬರು ಇನ್ನೊಬ್ಬರಿಗೆ ಹೇಳಿದ ಮಾತಿನಿಂದಲೇ. ಹೆಸರು ಬರೆಯಬೇಡಿ ಎಂದು ಅವರೇ ಕೇಳಿಕೊಂಡಿರುವುದರಿಂದ ನಾನೂ ಬರೆಯುತ್ತಿಲ್ಲ. ಚಿತ್ರದ ಅಳತೆ 24 ಇಂಚು ಎತ್ತರ, 36 ಇಂಚು ಅಗಲ. ತೆತ್ತ ಹಣ 28,000 ರೂಪಾಯಿ, ಅದರಲ್ಲಿ 10,000 ಮುಂಗಡ. ಚೌಕಟ್ಟಿಗೆ ಬೇರೆಯಾಗಿ 3,400. ಎಂಟು ವಾರದಲ್ಲಿ ಕೊಡುತ್ತೇವೆಂದರು, ಹದಿನೈದು ವಾರ ತೆಗೆದುಕೊಂಡರು. ಇಷ್ಟು ಸಾಕೆನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಆದರೆ ಅವರು ಬರೆದುಕೊಟ್ಟದ್ದು ದೇವರ ಪಟವೂ ಅಲ್ಲ, ತೀರಿಕೊಂಡ ಹಿರಿಯರ ಭಾವಚಿತ್ರವೂ ಅಲ್ಲ. 1942ರಲ್ಲಿ ಉತ್ತರ ಸಮುದ್ರಕ್ಕೆ ಬಿದ್ದ ಒಂದು ಬಾಂಬರ್ ವಿಮಾನದ ನಾಲ್ವರು ರಬ್ಬರ್ ದೋಣಿಯಲ್ಲಿ ಜೀವ ಹಿಡಿದುಕೊಂಡು ಕುಳಿತಿರುವ ದೃಶ್ಯ. ಅಂಥ ವಿಷಯವನ್ನು ಹಿಡಿದುಕೊಂಡು ಹೋದವರೊಡನೆ ಈ ಚಿತ್ರಶಾಲೆ ಹೇಗೆ ನಡೆದುಕೊಂಡಿತು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ವಿಷಯ ಹುಟ್ಟಿದ್ದು ಮಂಡ್ಯದಲ್ಲಿರುವ ನನ್ನ ಸೋದರಮಾವನಿಂದ. ಐವತ್ತು ವರ್ಷದಿಂದ ಟೆರೇಸಿನ ಮೇಲೆ ಪಾರಿವಾಳ ಸಾಕುತ್ತಿರುವ ಅವರು, ದೂರದಲ್ಲಿ ಬಿಟ್ಟರೂ ಗೂಡಿಗೆ ಮರಳುವ ಹೋಮರ್ ಹಕ್ಕಿಗಳನ್ನು ಬುಟ್ಟಿಯಲ್ಲಿ ತುಂಬಿಕೊಂಡು ಮೊದಲು ಮದ್ದೂರು, ಆಮೇಲೆ ಚನ್ನಪಟ್ಟಣ, ಅನಂತರ ರಾಮನಗರ ಎಂದು ಹಂತ ಹಂತವಾಗಿ ದೂರ ಹೆಚ್ಚಿಸುತ್ತ ಹಾರಿಸಿ ಪಳಗಿಸುತ್ತಾರೆ. ಅವರ ಎಪ್ಪತ್ತೈದನೆಯ ಹುಟ್ಟುಹಬ್ಬಕ್ಕೆ ಏನು ಕೊಡುವುದೆಂದು ಯೋಚಿಸುವಾಗ ನನಗೆ ನೆನಪಾದದ್ದು ವಿಂಕಿ ಎಂಬ ಹೆಣ್ಣು ಪಾರಿವಾಳ. 1942ರ ಫೆಬ್ರವರಿ 23ರಂದು, ನಾರ್ವೆಯ ಕಡೆಯಿಂದ ಮರಳುತ್ತಿದ್ದ ಬ್ರಿಟನ್ನಿನ ವಾಯುಪಡೆಯ 42ನೆಯ ಸ್ಕ್ವಾಡ್ರನ್ನಿನ ಬ್ಯೂಫೋರ್ಟ್ ಬಾಂಬರ್ ಒಂದು ಪೆಟ್ಟು ತಿಂದು ಸಮುದ್ರಕ್ಕಿಳಿಯಿತು. ತಾವೆಲ್ಲಿದ್ದೇವೆಂಬುದನ್ನು ರೇಡಿಯೋದಲ್ಲಿ ಸರಿಯಾಗಿ ತಿಳಿಸಲು ಅದರಲ್ಲಿದ್ದ ನಾಲ್ವರಿಗೆ ಆಗಿರಲಿಲ್ಲ. ಇಂಥ ಸಂದರ್ಭಕ್ಕೆಂದೇ ಆಗಿನ ಬಾಂಬರ್‌ಗಳಲ್ಲಿ ಪಾರಿವಾಳ ಒಯ್ಯುವ ಪದ್ಧತಿಯಿತ್ತು. ವಿಂಕಿ ಸುಮಾರು 120 ಮೈಲಿ, ಅಂದರೆ ಮಂಡ್ಯದಿಂದ ಬೆಂಗಳೂರಿಗೆ ಹೋಗಿ ಮತ್ತೆ ಮಂಡ್ಯಕ್ಕೆ ಬರುವಷ್ಟು ದೂರ, ಹಾರಿ ಸ್ಕಾಟ್ಲೆಂಡಿನ ಡಂಡಿಯ ಪಕ್ಕದ ಬ್ರಾಟಿ ಫೆರಿಯಲ್ಲಿದ್ದ ತನ್ನ ಗೂಡನ್ನು ಸೇರಿತು. ಮೈಯೆಲ್ಲ ಎಣ್ಣೆ ಮೆತ್ತಿಕೊಂಡು ಸುಸ್ತಾಗಿ ಬಂದ ಹಕ್ಕಿಯನ್ನು ಕಂಡ ಯಜಮಾನ ಜಾರ್ಜ್ ರಾಸ್ ವಾಯುಪಡೆಗೆ ತಿಳಿಸಿದರು. ವಿಮಾನ ಬಿದ್ದ ಹೊತ್ತಿಗೂ ಹಕ್ಕಿ ಮುಟ್ಟಿದ ಹೊತ್ತಿಗೂ ನಡುವಿನ ಅಂತರ, ಗಾಳಿಯ ದಿಕ್ಕು, ಎಣ್ಣೆ ಹತ್ತಿದ ರೆಕ್ಕೆಗೆ ಆಗಿರಬಹುದಾದ ನಿಧಾನ ಎಲ್ಲವನ್ನೂ ಕೂಡಿ ಕಳೆದು, ದೋಣಿ ಇಂಥ ಕಡೆ ಇರಬೇಕೆಂದು ವಾಯುಪಡೆಯವರು ಲೆಕ್ಕ ಹಾಕಿದರು. ಆ ಲೆಕ್ಕ ಹಿಡಿದು ಹೊರಟವರಿಗೆ ನಾಲ್ವರೂ ಜೀವಂತವಾಗಿ ಸಿಕ್ಕರು.

ನಾನು ಮೂವತ್ತು ವರ್ಷ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟವಳು. ಮಾವನಿಗೆ ಹಕ್ಕಿ ಮುಖ್ಯವಾದರೆ ನನಗೆ ಆ ಲೆಕ್ಕ ಮುಖ್ಯ. ಚಿತ್ರದಲ್ಲಿ ಎರಡೂ ಇರಬೇಕೆಂಬ ಆಸೆ ನನ್ನದು. ಫೋಟೋ ಕೊಟ್ಟರೆ ಎರಡೇ ದಿನದಲ್ಲಿ ಕ್ಯಾನ್ವಾಸಿನ ಮೇಲೆ ಪ್ರಿಂಟ್ ಹಾಕಿಕೊಡುವ ಅಂಗಡಿಗಳು ಮಂಡ್ಯದಲ್ಲೂ ಇವೆ. ಆದರೆ ಬದುಕಿ ಬಂದ ಮೇಲೆ ಹಕ್ಕಿಯೊಡನೆ ತೆಗೆಸಿಕೊಂಡ ಫೋಟೋ ಇದೆಯೇ ಹೊರತು, ಸಮುದ್ರದ ಮೇಲಿನ ಆ ಗಳಿಗೆಯನ್ನು ಯಾರು ತೆಗೆಯಬೇಕಿತ್ತು? ಅದನ್ನು ಬರೆಸಬೇಕು, ಅಷ್ಟೆ.

ಮೊದಲ ಭೇಟಿಯಲ್ಲಿ ಮೇಷ್ಟ್ರು ಒಂದು ಗಂಟೆ ನನ್ನ ಮಾತು ಕೇಳಿದರು, ನಡುನಡುವೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು, ಕಾಫಿ ತರಿಸಿದರು. ಎರಡು ವಾರದ ಮೇಲೆ ವಾಟ್ಸಾಪಿನಲ್ಲಿ ಬಂದ ಪೆನ್ಸಿಲ್ ಮತ್ತು ಜಲವರ್ಣದ ನಕ್ಷೆ ನೋಡಿ ನನಗೆ ನಿರಾಶೆಯಾಯಿತು. ಕಾರವಾರದ ಕಡಲಿನಂಥ ಹೊಳೆಯುವ ನೀಲಿ ನೀರು. ಅದರಲ್ಲಿ ಬಾಲ ಮೇಲೆತ್ತಿ ಮುಳುಗುತ್ತಿರುವ ನಾಲ್ಕು ಎಂಜಿನ್ನಿನ ವಿಮಾನ. ಚಿತ್ರದ ನಟ್ಟನಡುವೆ ರೆಕ್ಕೆ ಬಿಚ್ಚಿದ ಅಚ್ಚ ಬಿಳಿಯ ಪಾರಿವಾಳ, ಅದರ ಸುತ್ತ ಪ್ರಭೆ ಬೇರೆ. ಬ್ಯೂಫೋರ್ಟಿಗೆ ಇದ್ದದ್ದು ಎರಡೇ ಎಂಜಿನ್. ವಿಂಕಿಯ ಮೈ ನೀಲಿ ಛಾಯೆಯ ಬೂದು, ರೆಕ್ಕೆಯ ಮೇಲೆ ಗೆರೆ ಗೆರೆಯ ಚೌಕುಳಿ. ಬಿಳಿಯ ಹಕ್ಕಿ ಎಲ್ಲಿಂದ ಬಂತೆಂದು ಕೇಳಿದರೆ, ಇಂಟರ್‌ನೆಟ್ಟಿನಲ್ಲಿ ಹುಡುಕಿದಾಗ ಹಾಗೇ ಸಿಕ್ಕಿತು ಎಂದರು. ಅದು ಬೇರೆ ಹಕ್ಕಿ. ವೈಟ್ ವಿಷನ್ ಎಂಬ ಹೆಸರಿನ ಆ ಪಾರಿವಾಳ 1943ರ ಅಕ್ಟೋಬರಿನಲ್ಲಿ ಸಮುದ್ರಕ್ಕಿಳಿದ ಕ್ಯಾಟಲೀನಾ ವಿಮಾನದ ಸಿಬ್ಬಂದಿಯ ಸುದ್ದಿ ಹೊತ್ತು ಎದುರುಗಾಳಿಯಲ್ಲಿ 60 ಮೈಲಿ ಹಾರಿದ್ದು. ಪ್ರಾಣಿಗಳ ಶೌರ್ಯಕ್ಕೆ ಕೊಡುವ ಡಿಕಿನ್ ಪದಕ 1943ರ ಡಿಸೆಂಬರ್ 2ರಂದು ಮೊಟ್ಟಮೊದಲು ಸಂದದ್ದು ಮೂರು ಪಾರಿವಾಳಗಳಿಗೆ. ವಿಂಕಿ, ವೈಟ್ ವಿಷನ್ ಎರಡೂ ಅದರಲ್ಲಿ ಸೇರಿದ್ದರಿಂದ ಈ ಗೊಂದಲವಾಗಿತ್ತು. ತಪ್ಪು ತಿಳಿದ ಕೂಡಲೇ ಮೇಷ್ಟ್ರು ಯಾವ ವಾದವೂ ಇಲ್ಲದೆ ಒಪ್ಪಿಕೊಂಡು, "ಮೇಡಂ, ಇದನ್ನ ಮರೆತುಬಿಡಿ, ಹೊಸದಾಗಿ ಹಾಕ್ತೀನಿ" ಎಂದರು. ಈ ಚಿತ್ರಶಾಲೆಯ ಬಗ್ಗೆ ನನಗೆ ಮೊದಲು ನಂಬಿಕೆ ಹುಟ್ಟಿದ್ದು ಆಗ. ನಕ್ಷೆಯನ್ನು ಒಟ್ಟು ಮೂರು ಸಲ ಬದಲಾಯಿಸಿದರು, ಅದಕ್ಕೆ ಪ್ರತ್ಯೇಕ ಹಣ ಕೇಳಲಿಲ್ಲ.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಯುದ್ಧಕಾಲದ ವಿಮಾನಕ್ಕೂ ಮೈಸೂರಿಗೂ ಏನು ಸಂಬಂಧ ಎಂದು ಮಗಳು ಕೇಳಿದಾಗ, 1941ರಲ್ಲಿ ರಚನೆಯಾದ 129ನೆಯ ಸ್ಕ್ವಾಡ್ರನ್ನಿಗೆ ಮೈಸೂರಿನ ಹೆಸರೇ ಇತ್ತೆಂದೂ, ಸಂಸ್ಥಾನ ಕೊಟ್ಟ ಹಣದ ನೆನಪಿಗಾಗಿ ಅದರ ಲಾಂಛನದಲ್ಲಿ ನಮ್ಮ ಗಂಡಭೇರುಂಡವನ್ನೇ ಇಟ್ಟಿದ್ದರೆಂದೂ ಉತ್ಸಾಹದಿಂದ ಹೇಳಿದೆ. ಹೇಳಬಾರದಿತ್ತು. ಮುಂದಿನ ನಕ್ಷೆಯಲ್ಲಿ ರಬ್ಬರ್ ದೋಣಿಯ ಮಗ್ಗುಲಿಗೆ ಚಿನ್ನದ ಬಣ್ಣದ ಗಂಡಭೇರುಂಡ ಬಂದು ಕುಳಿತಿತ್ತು! ಅದು ಸ್ಪಿಟ್‌ಫೈರ್ ಹಾರಿಸುತ್ತಿದ್ದ ಫೈಟರ್ ಪಡೆ, ನಮ್ಮ ಚಿತ್ರದವರು ಬೇರೆ ಎಂದು ಬಿಡಿಸಿ ಹೇಳಿ ಆ ಎರಡು ತಲೆಯ ಹಕ್ಕಿಯನ್ನು ಅಳಿಸಬೇಕಾಯಿತು. ಒಂದು ಚಿತ್ರಕ್ಕೆ ಒಂದು ಹಕ್ಕಿ ಸಾಕು.

ನಿಜವಾದ ಚರ್ಚೆ ನಡೆದದ್ದು ದಿಗಂತದ ಗೆರೆಯ ಬಗ್ಗೆ. ಎರಡನೆಯ ನಕ್ಷೆಯಲ್ಲಿ ದಿಗಂತ ಚಿತ್ರದ ಮೇಲಂಚಿನ ಹತ್ತಿರವಿತ್ತು. ದೋಣಿ, ಮನುಷ್ಯರು, ಅಲೆಗಳು ಎಲ್ಲವೂ ಮೇಲಿನಿಂದ ಕೆಳಗೆ ನೋಡಿದಂತೆ ಹರಡಿಕೊಂಡಿದ್ದವು. "ಮೇಷ್ಟ್ರೇ, ನೀವು ಸಮುದ್ರವನ್ನು ಚಾಮುಂಡಿ ಬೆಟ್ಟದ ಮೇಲಿಂದ ನೋಡಿದ್ದೀರಿ" ಎಂದೆ. ಲೆಕ್ಕ ಸರಳ. ನೋಡುವ ಕಣ್ಣು ನೀರಿನಿಂದ ಎಷ್ಟು ಮೀಟರ್ ಎತ್ತರದಲ್ಲಿದೆಯೋ ಅದರ ವರ್ಗಮೂಲವನ್ನು ಸುಮಾರು 3.57ರಿಂದ ಗುಣಿಸಿದರೆ ದಿಗಂತ ಎಷ್ಟು ಕಿಲೋಮೀಟರ್ ದೂರದಲ್ಲಿದೆ ಎಂಬುದು ಬರುತ್ತದೆ. ರಬ್ಬರ್ ದೋಣಿಯಲ್ಲಿ ಕುಳಿತವನ ಕಣ್ಣು ನೀರಿನಿಂದ ಒಂದು ಮೀಟರ್ ಮೇಲಿದ್ದರೆ ಹೆಚ್ಚು. ಅಂದರೆ ಅವನ ಪಾಲಿಗೆ ಜಗತ್ತು ಮೂರೂವರೆ ಕಿಲೋಮೀಟರಿಗೆ ಮುಗಿದುಹೋಗುತ್ತದೆ. ಎದುರಿಗೆ ಒಂದು ಅಲೆ ಎದ್ದರೆ ಅದೂ ಇಲ್ಲ. ಗೂಡಿರುವುದು ಆ ಗೆರೆಯಾಚೆ ಸುಮಾರು 190 ಕಿಲೋಮೀಟರ್ ದೂರದಲ್ಲಿ. ನೋಡುವವರನ್ನೂ ಅದೇ ಎತ್ತರದಲ್ಲಿ ಕೂರಿಸದಿದ್ದರೆ ಈ ಕಥೆ ಚಿತ್ರಕ್ಕೆ ಇಳಿಯುವುದಿಲ್ಲ ಎಂಬುದು ನನ್ನ ಹಟವಾಗಿತ್ತು.

ಮೇಷ್ಟ್ರಿಗೆ ಲೆಕ್ಕ ರುಚಿಸಲಿಲ್ಲ, ದಿಗಂತ ಕೆಳಗಿಳಿದರೆ ಚಿತ್ರದ ಮೇಲಿನ ಮುಕ್ಕಾಲು ಪಾಲು ಬರಿಯ ಮೋಡವಾಗುತ್ತದೆ, ಗಿರಾಕಿಗಳು ದುಡ್ಡು ಕೊಟ್ಟು ಮೋಡ ಕೊಳ್ಳುವುದಿಲ್ಲ ಎಂದರು. ಮಗಳು ಮಾತ್ರ ಸುಮ್ಮನೆ ಒಂದು ಹಾಳೆ ತೆಗೆದುಕೊಂಡು, ಕೆಳಗಿನ ಮೂರನೇ ಒಂದು ಭಾಗದಲ್ಲಿ ದಿಗಂತದ ಗೆರೆ ಎಳೆದು, ಕುಳಿತಿರುವ ನಾಲ್ವರ ತಲೆಗಳು ಆ ಗೆರೆಗೆ ತಾಗುವಂತೆ ಮಾಡಿ, ಬಲಗಡೆ ಒಂದು ಅಲೆಯ ನೆತ್ತಿ ಗೆರೆಯನ್ನು ಮುಚ್ಚಿಹಾಕುವಂತೆ ಬರೆದು ತೋರಿಸಿದಳು. ಹತ್ತು ನಿಮಿಷದ ಕೆಲಸ. ನೋಡುತ್ತಿದ್ದ ನನಗೆ ನಾನೇ ನೀರಿನಲ್ಲಿದ್ದೇನೆ ಅನ್ನಿಸಿತು. ಮೇಷ್ಟ್ರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಸರಿ, ಮೋಡಾನೇ ಮಾರೋಣ" ಎಂದರು.

ಆಮೇಲೆ ಹಕ್ಕಿ. ಅದನ್ನು ಸರಿಪಡಿಸಿದ್ದು ನನ್ನ ಮಾವ. ಉಡುಗೊರೆ ಗುಟ್ಟಾಗಿರಲೆಂದು ಅಂದುಕೊಂಡಿದ್ದೆನಾದರೂ ಮೇಷ್ಟ್ರ ಮಗಳು ಜೀವಂತ ಹೋಮರ್ ಹಕ್ಕಿಯನ್ನು ಕೈಯಲ್ಲಿ ಹಿಡಿದು ನೋಡದೆ ಬರೆಯುವುದಿಲ್ಲ ಎಂದು ಪಟ್ಟು ಹಿಡಿದದ್ದರಿಂದ, ಒಂದು ಭಾನುವಾರ ಅವಳು ರೈಲಿನಲ್ಲಿ ಮಂಡ್ಯಕ್ಕೆ ಬಂದಳು. ಮಾವ ನಾಲ್ಕಾರು ಹಕ್ಕಿಗಳನ್ನು ಹಿಡಿದು ರೆಕ್ಕೆ ಬಿಚ್ಚಿ ತೋರಿಸಿದರು. ನಕ್ಷೆಯಲ್ಲಿ ಹಕ್ಕಿ ನೆಟ್ಟಗೆ ಆಕಾಶಕ್ಕೇರುತ್ತಿದ್ದುದನ್ನು ನೋಡಿ ಅವರಿಗೆ ನಗು ಬಂತು. "ಏನವ್ವ ಇದು, ರಾಕೆಟ್ಟಾ? ಒಣಗಿರೋ ಹಕ್ಕಿ ಬುಟ್ಟಿ ಬಿಟ್ಮೇಲೆ ಒಂದ್ ಸುತ್ತು ಹೊಡೆದು ದಿಕ್ಕು ನೋಡ್ಕೊಂಡು ಹೋಯ್ತದೆ. ಮೈ ನೆಂದದ್ದು ಮೇಲಕ್ ಏರಕಿಲ್ಲ. ನೀರ್‌ಮ್ಯಾಲೇ ಬಡ್ಕಂಡ್ ಬಡ್ಕಂಡ್ ಹೋಯ್ತದೆ" ಎಂದರು. ಅವಳು ಬಕೆಟ್ಟಿನ ನೀರು ಕೇಳಿದಳು, ಮಾವ ಒಂದು ಗಂಡು ಹಕ್ಕಿಯ ಮೈಗೆ ನೀರು ಚಿಮುಕಿಸಿ ಟೆರೇಸಿನಲ್ಲಿ ಬಿಟ್ಟರು, ಅವಳು ಫೋನಿನಲ್ಲಿ ವಿಡಿಯೋ ಮಾಡಿಕೊಂಡಳು. ಹೀಗೆ ಬಂದುಹೋದದ್ದಕ್ಕೆ ರೈಲಿನ ಟಿಕೆಟ್ಟಿನ ಹಣವನ್ನೂ ಅವರು ಬಿಲ್ಲಿಗೆ ಸೇರಿಸಲಿಲ್ಲ.

ಕೊನೆಯ ಚಿತ್ರದಲ್ಲಿ ಹಕ್ಕಿಯ ಅಗಲ ಎರಡು ಇಂಚಿಗಿಂತ ಕಡಿಮೆ. ದಿಗಂತದ ಗೆರೆಗಿಂತ ತುಸು ಕೆಳಗೆ, ಎರಡು ಅಲೆಗಳ ನಡುವಿನ ತಗ್ಗಿನಲ್ಲಿ, ಎಡಕ್ಕೆ ಮುಖ ಮಾಡಿ ಹೋಗುತ್ತಿದೆ. ಬೂದು ನೀರಿನ ಮೇಲೆ ಬೂದು ಹಕ್ಕಿ. ಮನೆಗೆ ಬಂದವರಲ್ಲಿ ಅರ್ಧ ಜನ ಮೊದಲ ನೋಟಕ್ಕೆ ಅದನ್ನು ಕಾಣುವುದೇ ಇಲ್ಲ. ದೋಣಿಯಲ್ಲಿರುವ ಒಬ್ಬನ ನೋಟ ಎತ್ತ ಹೋಗಿದೆ ಎಂದು ಹಿಂಬಾಲಿಸಿದರೆ ಮಾತ್ರ ಕಾಣುತ್ತದೆ. ಉಳಿದ ಮೂವರು ಅದನ್ನು ನೋಡುತ್ತಲೂ ಇಲ್ಲ. ಒಬ್ಬ ಮಂಡಿಯ ಮೇಲೆ ತಲೆಯಿಟ್ಟಿದ್ದಾನೆ, ಒಬ್ಬ ಕೈಯಲ್ಲಿ ನೀರು ತೋಡುತ್ತಿದ್ದಾನೆ, ಇನ್ನೊಬ್ಬನ ಬೆನ್ನು ನಮ್ಮ ಕಡೆಗಿದೆ. ಯಾರ ಮುಖವೂ ಪೂರ್ತಿ ಕಾಣದಂತೆ ಬರೆದದ್ದು ಮೇಷ್ಟ್ರ ನಿರ್ಧಾರ. ನಿಜವಾಗಿ ಬದುಕಿದ್ದವರ ಮುಖವನ್ನು ಕಲ್ಪಿಸಿ ಬರೆಯುವುದು ತಮಗೆ ಸರಿಕಾಣದು ಎಂದು ಅವರು ಹೇಳಿದ್ದು ನನಗೆ ಹಿಡಿಸಿತು.

ಬಣ್ಣದ ವಿಷಯದಲ್ಲಿ ಅವರ ಕೈ ಪಳಗಿದ್ದು. ಫೆಬ್ರವರಿಯ ಉತ್ತರ ಸಮುದ್ರಕ್ಕೆ ನೀಲಿಯೇ ಇಲ್ಲವೆಂದಲ್ಲ, ಆದರೆ ಮೋಡ ಮುಚ್ಚಿದ ದಿನ ನೀರು ತೋರುವುದು ಆಕಾಶದ ಬಣ್ಣವನ್ನೇ. ಪ್ರಷ್ಯನ್ ನೀಲಿಗೆ ರಾ ಅಂಬರ್ ಎಂಬ ಕಂದು ಬೆರೆಸಿ ಹಸಿರಿಗೆ ವಾಲುವ ಬೂದುಬಣ್ಣ ತೆಗೆದು, ಅಲೆಯ ನೆತ್ತಿ ತೆಳ್ಳಗಾಗಿ ಬೆಳಕು ಹಾಯುವ ಕಡೆ ಮಾತ್ರ ವಿರಿಡಿಯನ್ ಹಸಿರನ್ನು ತೋರಿಸಿದ್ದಾರೆ. ನೊರೆಗೂ ಎಲ್ಲೂ ಅಚ್ಚ ಬಿಳಿ ಬಳಸಿಲ್ಲ. ಇಡೀ ಚಿತ್ರದಲ್ಲಿ ಬೆಚ್ಚಗಿನ ಬಣ್ಣವೆಂದರೆ ರಬ್ಬರ್ ದೋಣಿ ಮತ್ತು ಜೀವರಕ್ಷಕ ಜಾಕೆಟ್ಟುಗಳ ಹಳದಿ ಒಂದೇ. ಇದನ್ನು ವಿವರಿಸುವಾಗ ಮೇಷ್ಟ್ರು ಜಗನ್ಮೋಹನ ಅರಮನೆಯಲ್ಲಿರುವ ಹಲ್ದಣಕರರ ದೀಪದ ಹೆಂಗಸಿನ ಜಲವರ್ಣವನ್ನು ನೆನಪಿಸಿದರು. ಆ ಚಿತ್ರದಲ್ಲಿ ಬೆಳಕೆಲ್ಲ ಒಂದೇ ಕಡೆಯಿಂದ, ಕೈಯ ಮರೆಯಲ್ಲಿರುವ ದೀಪದಿಂದ ಬರುವ ಹಾಗೆ, ಇಲ್ಲಿ ಶಾಖವೆಲ್ಲ ಒಂದೇ ಕಡೆ ಇರಬೇಕು ಎಂಬುದು ಅವರ ವಾದ. ಹೋಲಿಕೆ ಸ್ವಲ್ಪ ದೊಡ್ಡದಾಯಿತು ಅನ್ನಿಸಿದರೂ ತಪ್ಪೆನ್ನಲಾರೆ.

ವಿಮಾನವನ್ನು ಕೊನೆಗೆ ತೆಗೆದೇಬಿಟ್ಟೆವು. ಅದರ ಬದಲು ಉಳಿದದ್ದು ನೀರಿನ ಮೇಲಿನ ಎಣ್ಣೆಯ ಪದರ. ವಿಂಕಿಯ ಮೈಗೆ ಮೆತ್ತಿದ ಎಣ್ಣೆ ಅದು, ಹಾಗಾಗಿ ಬಿಡುವಂತಿರಲಿಲ್ಲ. ಮೊದಲು ಮಗಳು ಅದನ್ನು ಪೆಟ್ರೋಲ್ ಬಂಕಿನ ಮುಂದಿನ ಮಳೆನೀರಿನಂತೆ ಕಾಮನಬಿಲ್ಲಿನ ಬಣ್ಣದಲ್ಲಿ ಬರೆದಿದ್ದಳು. ಅಷ್ಟು ಗಾಢವಾದ ಬಣ್ಣ ಮೋಡದ ಬೆಳಕಿನಲ್ಲಿ ಹೊಂದುವುದಿಲ್ಲ, ತೀರ ತೆಳುವಾದ ಪದರ ಬೆಳ್ಳಿಯಂತೆ ಬೂದಾಗಿಯೇ ಕಾಣುತ್ತದೆ, ಅದಕ್ಕಿಂತ ಮುಖ್ಯವಾಗಿ ಎಣ್ಣೆ ಹರಡಿದ ಕಡೆ ಸಣ್ಣ ತೆರೆಗಳು ಏಳುವುದಿಲ್ಲ ಎಂದು ನಾನು ಹೇಳಿದೆ. ಈಗ ಚಿತ್ರದ ಕೆಳಗಿನ ಬಲಮೂಲೆಯಲ್ಲಿ ನೀರು ಇದ್ದಕ್ಕಿದ್ದಂತೆ ನುಣುಪಾಗುತ್ತದೆ, ಸುತ್ತ ಮಾತ್ರ ಒರಟು ತೆರೆ. ಅಲ್ಲಿ ಏನಿತ್ತು, ಏನು ಮುಳುಗಿತು ಎಂದು ಹೇಳಲು ಅಷ್ಟೇ ಸಾಕಾಗಿದೆ. ಇಡೀ ಚಿತ್ರದಲ್ಲಿ ನನಗೆ ಬಹಳ ಇಷ್ಟವಾದ ಭಾಗ ಆ ನುಣುಪಾದ ನೀರು.

ಇನ್ನು ದೂರುಗಳು. ದಸರೆ ಹತ್ತಿರ ಬಂದ ಕೂಡಲೇ ಮೈಸೂರಿನ ಕಲಾವಿದರಿಗೆ ಬೇರೆ ಕೆಲಸಗಳು ಮುತ್ತಿಕೊಳ್ಳುತ್ತವೆ ಎಂಬುದು ನನಗೂ ಗೊತ್ತು, ಆದರೆ ಅದು ಮುಂಗಡ ತೆಗೆದುಕೊಳ್ಳುವಾಗ ಅವರಿಗೂ ಗೊತ್ತಿರಬೇಕಿತ್ತು. ಐದು ವಾರ ಫೋನಿಗೆ ಸರಿಯಾದ ಉತ್ತರವೇ ಸಿಗಲಿಲ್ಲ. ಮಾವನ ಹುಟ್ಟುಹಬ್ಬ ಬರಿಯ ಪೇಡಾದಲ್ಲಿ ಕಳೆದುಹೋಯಿತು. ಕೊನೆಗೆ ಅವಸರದಲ್ಲಿ ಕೊಟ್ಟಾಗ ನೊರೆಯ ದಪ್ಪ ಬಣ್ಣ ಇನ್ನೂ ಹಸಿಯಾಗಿತ್ತು. ತೈಲಬಣ್ಣ ಮೇಲ್ನೋಟಕ್ಕೆ ಒಣಗಿದಂತೆ ಕಂಡರೂ ದಪ್ಪ ಹಚ್ಚಿದ ಕಡೆ ಒಳಗೆ ಹಸಿ ಇರುತ್ತದೆ ಎಂಬುದನ್ನು ಅವರಿಗೆ ನಾನು ಹೇಳಬೇಕಿರಲಿಲ್ಲ. ಮೇಲೆ ಸುತ್ತಿದ ಗುಳ್ಳೆ ಪ್ಲಾಸ್ಟಿಕ್ ಅಂಟಿಕೊಂಡು, ಮಂಡ್ಯದಲ್ಲಿ ಬಿಚ್ಚಿದಾಗ ಒಂದು ಅಲೆಯ ನೆತ್ತಿಯ ತುಂಬ ದುಂಡು ದುಂಡಾದ ಗುರುತು ಬಿದ್ದಿದ್ದವು. ಫೋಟೋ ಕಳಿಸಿದ ಮೂರನೆಯ ದಿನ ಮಗಳು ಬಂದು, ಅಡುಗೆಮನೆಯ ಮೇಜಿನ ಮೇಲೆ ಕುಳಿತು, ಎರಡು ಗಂಟೆಯಲ್ಲಿ ಸರಿಮಾಡಿ ಹೋದಳು. ಈಗ ಹುಡುಕಿದರೂ ಗೊತ್ತಾಗುವುದಿಲ್ಲ. ಚೌಕಟ್ಟು ಮಾತ್ರ ನನಗೆ ಒಪ್ಪಿಗೆಯಾಗಿಲ್ಲ: ಬಳ್ಳಿಯ ಕೆತ್ತನೆಯಿರುವ ಚಿನ್ನದ ಬಣ್ಣದ ಪಟ್ಟಿ, ದೇವರ ಪಟಕ್ಕೆ ಒಪ್ಪುವಂಥದ್ದು. ಬೇರೆ ತೋರಿಸಿ ಎಂದು ಕೇಳಿದ್ದರೆ ತೋರಿಸುತ್ತಿದ್ದರೋ ಏನೋ, ನಾನೂ ಕೇಳಲಿಲ್ಲ. ಇಲ್ಲಿ ಬರೆಸುವವರು ಚೌಕಟ್ಟನ್ನು ತಮ್ಮೂರಿನಲ್ಲೇ ಹಾಕಿಸಿಕೊಳ್ಳುವುದು ಮೇಲು. ದಿನಾಂಕ ಹಿಡಿದು ಬೇಕಾದ ಉಡುಗೊರೆಯಾದರೆ ಕನಿಷ್ಠ ಐದು ತಿಂಗಳು ಮೊದಲೇ ಹೇಳಿ, ದಸರೆಯ ಮುಂಚಿನ ಎರಡು ತಿಂಗಳನ್ನು ಲೆಕ್ಕಕ್ಕೇ ಹಿಡಿಯಬೇಡಿ.

ಹಾಗಿದ್ದೂ ಇನ್ನೊಂದು ಚಿತ್ರ ಬರೆಸುವುದಾದರೆ ನಾನು ಮತ್ತೆ ಅದೇ ಮಹಡಿ ಹತ್ತುತ್ತೇನೆ. ಗಿರಾಕಿ ಹೇಳಿದ್ದನ್ನು ಹೇಳಿದಂತೆ ಬರೆದುಕೊಡುವವರು ಸಿಗುತ್ತಾರೆ. ನೆಂದ ಹಕ್ಕಿ ಹೇಗೆ ಹಾರುತ್ತದೆಂದು ನೋಡಲು ರೈಲು ಹತ್ತಿ ಬರುವವರು ನನಗೆ ಸಿಕ್ಕಿದ್ದು ಇಲ್ಲಿ ಮಾತ್ರ.

ವಾರ್ನಿಷ್ ಇನ್ನೂ ಆಗಿಲ್ಲ. ಬಣ್ಣ ಪೂರ್ತಿ ಒಣಗಲು ಆರು ತಿಂಗಳು ಬಿಟ್ಟು ತನ್ನಿ, ಅದಕ್ಕೆ ಹಣ ಬೇಡ ಎಂದಿದ್ದಾರೆ. ಅಲ್ಲಿಯವರೆಗೆ ಬಿಸಿಲು ಬೀಳದ ಕಡೆ ತೂಗುಹಾಕಬೇಕೆಂದು ಹೇಳಿದ್ದರಿಂದ ನಡುಮನೆಯ ಗೋಡೆಗೆ ಮೊಳೆ ಹೊಡೆಸಲು ಹೊರಟಿದ್ದೆ. ಮಾವ ತಡೆದರು. ಚಿತ್ರವನ್ನು ಬಹಳ ಹೊತ್ತು ನೋಡಿ, ಇದರ ಗೂಡು ಯಾವ ಕಡೆಗೆ ಎಂದು ಕೇಳಿದರು. ನೋಡುವವರು ಉತ್ತರಕ್ಕೆ ಮುಖ ಮಾಡಿದ್ದಾರೆಂದು ಇಟ್ಟುಕೊಂಡರೆ ಸ್ಕಾಟ್ಲೆಂಡ್ ಎಡಕ್ಕೆ, ಪಶ್ಚಿಮಕ್ಕೆ ಬರುತ್ತದೆ ಎಂದೆ. ಮೊಳೆಯನ್ನು ಅವರು ನಡುಮನೆಯಲ್ಲಿ ಹೊಡೆಯಲಿಲ್ಲ, ಮೆಟ್ಟಿಲ ಪಕ್ಕದ ಉತ್ತರದ ಗೋಡೆಗೆ ಹೊಡೆದರು. ಟೆರೇಸಿನ ಗೂಡಿಗೆ ಹತ್ತುವ ಮೆಟ್ಟಿಲು ಆ ಚಿತ್ರದ ಎಡಕ್ಕಿದೆ.